ನಾಳೆ ಬಾ



ನಮ್ಮ ಸಂಘದ ಪತ್ರಿಕೆಗೆ ಕಥೆ ಕವನ ಬೇಕಾದಷ್ಟು ಬರುತ್ತವೆ, ತಿಳುವಳಿಕೆ ಕೊಡುವ ಲೇಖನ ಮಾತ್ರ ಯಾರೂ ಬರೆಯುವುದಿಲ್ಲ ಎಂದು ಸಂಪಾದಕರು ಪ್ರತಿ ಸಲ ಗೊಣಗುತ್ತಾರೆ. ನಾನು ಕಾಮರ್ಸ್ ಹುಡುಗ. ಕವನ ಕಟ್ಟಲು ಬರುವುದಿಲ್ಲ, ಲೆಕ್ಕ ಬರೆಯಲು ಬರುತ್ತದೆ. ಹತ್ತನೆಯ ತನಕ ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಇದ್ದು, ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಅಪ್ಪ-ಅವ್ವ ಇದ್ದ ಪುಣೆಗೆ ಬಂದವನು. ಆದ್ದರಿಂದ ಇಲ್ಲಿ ಭಾಷೆಯ ಸೊಗಸು ಹುಡುಕಬೇಡಿ. ಗಂಡನ ಮನೆಯ ಹೊಡೆತ ತಾಳಲಾರದೆ ಹೊರಬಿದ್ದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಮನೆಗಳ ಬಗ್ಗೆ ಬರೆಯುತ್ತಿದ್ದೇನೆ. ಅವು ಹೇಗೆ ಹುಟ್ಟಿದವು, ಒಳಗೆ ಏನು ನಡೆಯುತ್ತದೆ, ಕಾಯದೆ ಏನು ಹೇಳುತ್ತದೆ, ನಮ್ಮಂಥವರು ಏನು ಮಾಡಬಹುದು, ಇಷ್ಟೇ.

ಮೊದಲು ಒಂದು ಹಳೆಯ ನಂಬಿಕೆ ನೆನಪು ಮಾಡುತ್ತೇನೆ. ಊರ ಕಡೆ ಬಾಗಿಲುಗಳ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದದ್ದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು, ಇಲ್ಲವೆ ಕೇಳಿರಬೇಕು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ತೆಗೆದರೆ ಕೆಟ್ಟಿತು. ಆದರೆ ಆ ದೆವ್ವಕ್ಕೆ ಕನ್ನಡ ಓದಲು ಬರುತ್ತದಂತೆ! ಬರಹ ಓದಿ ತಿರುಗಿ ಹೋಗುತ್ತದೆ. ಮರುದಿನ ಬಂದರೆ ಅದೇ ಬರಹ, ಮತ್ತೆ ಹೋಗುತ್ತದೆ. ಅಜ್ಜಿ ಇದನ್ನು ಹೇಳಿದಾಗ ನಾನು ನಕ್ಕಿದ್ದೆ. ಈಗ ಅಷ್ಟು ನಗು ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಗಡಿಯ ಒಂದು ರಾತ್ರಿ

ನಾವಿರುವುದು ನಿಗಡಿಯಲ್ಲಿ, ಪುಣೆ-ಮುಂಬಯಿ ಹೆದ್ದಾರಿಯ ಬದಿಗೆ. ಒಂದು ಕಡೆ ಪ್ರಾಧಿಕರಣದ ಅಗಲ ರಸ್ತೆಗಳು, ಸೆಕ್ಟರ್ ನಂಬರಿನ ಮನೆಗಳು. ಕಾರ್ಖಾನೆಯ ಕೆಲಸಗಾರರಿಗೆ ಮನೆ ಒದಗಿಸಬೇಕೆಂದು 1972ರಲ್ಲಿ ನವನಗರ ಪ್ರಾಧಿಕರಣ ಹುಟ್ಟಿತು, ಆ ಹೆಸರು ಇನ್ನೂ ಜನರ ಬಾಯಲ್ಲಿದೆ. ಇನ್ನೊಂದು ಕಡೆ ನಮ್ಮಂಥವರ ಚಾಳುಗಳು. ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗವಂಡಿ ಕೆಲಸಕ್ಕೆ, ಸೆಂಟ್ರಿಂಗಿಗೆ, ಕಂಪನಿಯ ಹೆಲ್ಪರ್ ಕೆಲಸಕ್ಕೆ ಬಂದ ಕನ್ನಡದವರು ಇಲ್ಲಿ ಬಹಳ. ಖೋಲಿಗೂ ಖೋಲಿಗೂ ನಡುವೆ ಒಂದೇ ಗೋಡೆ. ಪಕ್ಕದವರ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನಮಗೆ ಗೊತ್ತಾಗುತ್ತದೆ. ಹಾಗಿರುವಾಗ ಪೆಟ್ಟಿನ ಸದ್ದು ಗೊತ್ತಾಗುವುದಿಲ್ಲವೆ?

ನಾನು ಹನ್ನೊಂದನೆಯ ಇಯತ್ತೆಯಲ್ಲಿದ್ದೆ. ಪಕ್ಕದ ಖೋಲಿಯ ಅಕ್ಕ ಕಲಬುರ್ಗಿ ಸೀಮೆಯವಳು. ಪ್ರಾಧಿಕರಣದ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ನಾಲ್ಕು ವರ್ಷದ ಮಗಳಿದ್ದಳು. ಗೋಡೆಯಾಚೆ ಸದ್ದು ಶುರುವಾದರೆ ನಾನು ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಓದಲು ಕೂಡುತ್ತಿದ್ದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಅವಳು ಮಗಳನ್ನು ಬಗಲಲ್ಲಿ ಎತ್ತಿಕೊಂಡು ನಮ್ಮ ಬಾಗಿಲು ಬಡಿದಳು. ತುಟಿ ಒಡೆದಿತ್ತು. "ಅಣ್ಣಾರ, ಇದೊಂದು ರಾತ್ರಿ ಇಲ್ಲೇ ಬಿದ್ದಿರ್ತೀನ್ರಿ" ಅಂದಳು. ಅವ್ವ ನೀರು ಕೊಟ್ಟಳು, ಹುಡುಗಿಗೆ ಬಿಸ್ಕೀಟು ಕೊಟ್ಟಳು. ಅಪ್ಪ ಮಾತ್ರ, "ಗಂಡ ಹೆಂಡಿರ ಜಗಳ ಉಂಡು ಮಲಗೂತನಕ, ತಂಗಿ. ಈಗ ಹೊತ್ತಾಗೇತಿ. ನಾಳೆ ಬಾ, ನಾ ಅವಗ ಕೂಡಿಸಿ ಬುದ್ಧಿ ಹೇಳ್ತೀನಿ" ಅಂದ. ನನ್ನ ಅಪ್ಪ ಕೆಟ್ಟವನಲ್ಲ. ಇಂದಿನ ತನಕ ಅವ್ವನ ಮೇಲೆ ಕೈ ಎತ್ತಿದವನಲ್ಲ. ಪರಸ್ಥಳ, ಬಾಡಿಗೆ ಮನೆ, ಕುಡಿದ ಗಂಡ ಬಾಗಿಲಿಗೆ ಬಂದು ಗದ್ದಲ ಮಾಡಿದರೆ ಮಾಲಕ ಖೋಲಿ ಬಿಡಿಸುತ್ತಾನೆಂಬ ಹೆದರಿಕೆ. ನಾನೂ ಅಲ್ಲೇ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ.

ಅವಳು ಆ ರಾತ್ರಿ ಆಕುರ್ಡಿ ರೈಲ್ವೆ ಸ್ಟೇಶನ್ನಿನ ಬೆಂಚಿನ ಮೇಲೆ ಮಗಳನ್ನು ಮಲಗಿಸಿಕೊಂಡು ಕೂತು ಕಳೆದಳೆಂದು ಆಮೇಲೆ ತಿಳಿಯಿತು. ಮರುದಿನ ಊರಿಂದ ಅವಳ ಅಣ್ಣ ಬಂದ. ಕರೆದುಕೊಂಡು ಹೋಗುತ್ತಾನೆ ಎಂದುಕೊಂಡೆವು. ಅವನು "ಕೊಟ್ಟ ಹೆಣ್ಣು ಕುಲಕ್ಕ ಹೊರಗ, ಹೆಂಗರ ಮಾಡಿ ಬಾಳೇ ಮಾಡು" ಎಂದು ಹೇಳಿ, ಅವಳನ್ನು ಅದೇ ಖೋಲಿಗೆ ಬಿಟ್ಟು, ಚಹಾ ಕುಡಿದು ಹೋದ. ಎರಡು ತಿಂಗಳಲ್ಲಿ ಅವರು ಖೋಲಿ ಖಾಲಿ ಮಾಡಿದರು. ಎಲ್ಲಿಗೆ ಹೋದರು, ಆ ಅಕ್ಕ ಹೇಗಿದ್ದಾಳೆ, ಇಂದಿಗೂ ಗೊತ್ತಿಲ್ಲ.

ತವರೆಂಬ ಮಾತು

ಆ ರಾತ್ರಿ ಅವಳಿಗೆ ಬೇಕಾಗಿದ್ದದ್ದು ಬುದ್ಧಿಮಾತಲ್ಲ, ಪೊಲೀಸರೂ ಅಲ್ಲ, ಕೋರ್ಟೂ ಅಲ್ಲ. ಅವೆಲ್ಲ ಆಮೇಲಿನವು. ಮೊದಲು ಬೇಕಾದದ್ದು ಒಳಗಿಂದ ಚಿಲಕ ಹಾಕಿಕೊಂಡು ಮಲಗುವ ಒಂದು ಜಾಗ. ಆ ಜಾಗ ತವರಾಗಬೇಕಿತ್ತು. ನಮ್ಮ ಸೀಮೆಯ ಹಲಸಂಗಿ ಗೆಳೆಯರು ಕೂಡಿಸಿದ 'ಗರತಿಯ ಹಾಡು' ತೆರೆದು ನೋಡಿರಿ, ತವರಿನ ಮೇಲೆ ಎಷ್ಟು ಪದಗಳು! ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ತಂಗಿ ದಾರಿ ಕಾಯುತ್ತಾಳೆ. ಆದರೆ ಪಂಚಮಿಗೆ ಕರೆಯಲು ಬರುವ ಅಣ್ಣ ಬೇರೆ, ಪೆಟ್ಟು ತಿಂದು ಬಂದಾಗ ಬಾಗಿಲಲ್ಲಿ ನಿಲ್ಲುವ ಅಣ್ಣ ಬೇರೆ. ನಮ್ಮಲ್ಲಿ ತವರು ಹಬ್ಬಕ್ಕೆ ಮಾತ್ರ ತೆರೆಯುತ್ತದೆ.

ಇದು ಬರೀ ನಮ್ಮ ಚಾಳಿನ ಮಾತಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರನ್ನು ಕೇಳಿದರು. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದವರು ದೇಶದಲ್ಲಿ ನೂರಕ್ಕೆ 29. ಮಹಾರಾಷ್ಟ್ರದಲ್ಲಿ ನೂರಕ್ಕೆ 25. ನಮ್ಮ ಕರ್ನಾಟಕದಲ್ಲಿ ನೂರಕ್ಕೆ 44! ರಾಜ್ಯಗಳಲ್ಲೇ ಮೊದಲ ಸ್ಥಾನ. ಕನ್ನಡದ ಹಿರಿಮೆ ಹೇಳುವಾಗ ಈ ಅಂಕಿಯನ್ನೂ ಹೇಳಬೇಕಲ್ಲವೆ? ಅದೇ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ, ಅವರಲ್ಲೂ ಹೆಚ್ಚಿನವರು ಕೇಳಿದ್ದು ತವರಿನವರನ್ನೇ. ಅಂದರೆ ನಮ್ಮ ಬಾಗಿಲು ಬಡಿದ ಆ ಅಕ್ಕ ನೂರರಲ್ಲಿ ಹದಿನಾಲ್ಕರ ಪೈಕಿ. ಬಾಯಿ ಬಿಟ್ಟು ಕೇಳಿದವಳು. ಕೇಳಿದವಳಿಗೆ ಸಿಕ್ಕಿದ್ದು 'ನಾಳೆ ಬಾ'.

ಮಾಹೇರ

ಇದೇ ಪುಣೆ ಜಿಲ್ಲೆಯಲ್ಲಿ, ಇದೇ ಮಾತಿನಿಂದ ಹುಟ್ಟಿದ ಒಂದು ಸಂಸ್ಥೆಯಿದೆ. ಸಿಸ್ಟರ್ ಲೂಸಿ ಕುರಿಯನ್ ಎಂಬ ಕೇರಳದ ಕ್ರೈಸ್ತ ಸನ್ಯಾಸಿನಿ ಪುಣೆಯಲ್ಲಿ ಹೆಂಗಸರ ನಡುವೆ ಕೆಲಸ ಮಾಡುತ್ತಿದ್ದರು. 1991ರಲ್ಲಿ ಒಬ್ಬ ಬಸುರಿ ಹೆಣ್ಣುಮಗಳು ಅವರ ಹತ್ತಿರ ಬಂದು, ಗಂಡ ಕೊಲ್ಲುತ್ತಾನೆ, ಇರಲು ಜಾಗ ಕೊಡಿ ಎಂದು ಬೇಡಿಕೊಂಡಳು. ಅವರ ಕಾನ್ವೆಂಟಿನಲ್ಲಿ ಹೊರಗಿನವರನ್ನು ಇರಿಸಿಕೊಳ್ಳುವಂತಿರಲಿಲ್ಲ. ನಾಳೆ ಏನಾದರೂ ನೋಡೋಣ ಎಂದು ಕಳಿಸಿದರು. ಅದೇ ರಾತ್ರಿ ಗಂಡ ಅವಳ ಮೇಲೆ ಬೆಂಕಿ ಹಚ್ಚಿದ. ಕೂಗು ಕೇಳಿ ಓಡಿ ಹೋದ ಸಿಸ್ಟರ್ ಉರಿಯುತ್ತಿದ್ದವಳನ್ನು ಕಂಡರು, ಆಸ್ಪತ್ರೆಗೆ ಸಾಗಿಸಿದರು. ತಾಯಿಯೂ ಉಳಿಯಲಿಲ್ಲ, ಹೊಟ್ಟೆಯೊಳಗಿನ ಏಳು ತಿಂಗಳ ಕೂಸೂ ಉಳಿಯಲಿಲ್ಲ.

ಈ ಸಂಗತಿಯನ್ನು ಸಿಸ್ಟರ್ ಲೂಸಿ ತಾವೇ ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ, ತಮ್ಮ ತಪ್ಪನ್ನು ಮುಚ್ಚಿಟ್ಟುಕೊಂಡಿಲ್ಲ. ಆ ರಾತ್ರಿ ಕಳೆದು ಆರು ವರ್ಷದ ಮೇಲೆ, 1997ರಲ್ಲಿ, ಶಿರೂರು ತಾಲೂಕಿನ ವಢು ಬುದ್ರುಕ ಎಂಬ ಹಳ್ಳಿಯಲ್ಲಿ ಒಂದು ಮನೆ ತೆರೆದರು. ಹೆಸರು ಮಾಹೇರ. ಪುಣೆಯ ಕನ್ನಡದವರಿಗೆ ಅರ್ಥ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಮರಾಠಿಯಲ್ಲಿ ಮಾಹೇರ ಅಂದರೆ ತವರು. ಜಾತಿ ಧರ್ಮ ಕೇಳದೆ ಹೆಂಗಸರನ್ನೂ ಮಕ್ಕಳನ್ನೂ ಇರಿಸಿಕೊಳ್ಳುವ ಆ ಒಂದು ಮನೆ ಇಂದು ಬೇರೆ ರಾಜ್ಯಗಳಿಗೂ ಹಬ್ಬಿದೆ. ನಿಗಡಿಯಿಂದ ಆಳಂದಿ ದಾಟಿ ಹೋದರೆ ಬಹಳ ದೂರವಲ್ಲ. ನಮ್ಮ ಅಕ್ಕ ಸ್ಟೇಶನ್ನಿನಲ್ಲಿ ಕೂತ ರಾತ್ರಿ ಅದು ಅಲ್ಲೇ ಇತ್ತು. ನಮಗೆ ಗೊತ್ತಿರಲಿಲ್ಲ.

ಹಿಂದಿನವರು

ಪುಣೆಗೆ ಈ ಕೆಲಸ ಹೊಸದಲ್ಲ. ಜೋತಿಬಾ ಫುಲೆ, ಸಾವಿತ್ರಿಬಾಯಿ 1863ರಲ್ಲಿ ತಮ್ಮ ಮನೆಯಲ್ಲೇ ಬಸುರಿ ವಿಧವೆಯರಿಗೆ ಹೆರಿಗೆಯ ಆಸರೆ ಕೊಟ್ಟರು. ಮಹರ್ಷಿ ಕರ್ವೆ 1896ರಲ್ಲಿ ವಿಧವೆಯರ ಆಶ್ರಮ ತೆರೆದರು. ಇವರಿಬ್ಬರ ನಡುವೆ ಬರುವ ಪಂಡಿತಾ ರಮಾಬಾಯಿ ನಮ್ಮ ನೆಲದಲ್ಲಿ ಹುಟ್ಟಿದವರೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡು ಸೇರಿದ್ದರು. ಅಲ್ಲಿ 1858ರಲ್ಲಿ ರಮಾಬಾಯಿ ಹುಟ್ಟಿದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಆಮೇಲೆ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿ ಬರಗಾಲದಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಹೆಂಗಸರನ್ನೂ ಹುಡುಗಿಯರನ್ನೂ ನೂರುಗಟ್ಟಲೆ ಕರೆತಂದು ಇರಿಸಿಕೊಂಡರು. ಕಲಬುರ್ಗಿ ಕಡೆಯಿಂದ ರೈಲಿನಲ್ಲಿ ಬರುವಾಗ ದೌಂಡ ದಾಟಿದ ಮೇಲೆ ಕೇಡಗಾಂವ ಸ್ಟೇಶನ್ ಬರುತ್ತದೆ. ಇನ್ನು ಮುಂದೆ ಕಿಟಕಿಯಿಂದ ನೋಡುವಾಗ ನೆನಪಿರಲಿ.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಆ ಕಾಲದ ಮನೆಗಳು ಹೆಚ್ಚಾಗಿ ವಿಧವೆಯರಿಗೆ, ಅನಾಥರಿಗೆ. ಗಂಡ ಸತ್ತವಳಿಗೆ ಮರುಗುವ ಜನ, ಬದುಕಿರುವ ಗಂಡನಿಂದ ಸಾಯುವಂತೆ ಬಡಿಸಿಕೊಂಡವಳಿಗೆ ಮರುಗಲಿಲ್ಲ. ಮುತ್ತೈದೆ ಮನೆ ಬಿಟ್ಟರೆ ಅದು ಅವಳದೇ ತಪ್ಪು. ಇದು ನಮ್ಮ ದೇಶದ ರೋಗವಷ್ಟೇ ಅಲ್ಲ. ಲಂಡನ್ನಿನ ಚಿಸಿಕ್ ಎಂಬಲ್ಲಿ ಎರಿನ್ ಪಿಜ್ಜಿ ಎಂಬಾಕೆ 1971ರಲ್ಲಿ ಹೆಂಗಸರು ಸೇರಿ ಮಾತಾಡಲೆಂದು ಒಂದು ಸಣ್ಣ ಮನೆ ಹಿಡಿದಳು. ಮಾತಾಡಲು ಬಂದವರು ಮೈಮೇಲಿನ ಗಾಯ ತೋರಿಸಿದರು, ತಿರುಗಿ ಹೋಗಲು ಒಲ್ಲೆವೆಂದರು, ಮಕ್ಕಳೊಂದಿಗೆ ಅಲ್ಲೇ ಮಲಗಿದರು. ಗಂಡನ ಹೊಡೆತದಿಂದ ಓಡಿ ಬಂದವರಿಗೆಂದೇ ಇರುವ ಈ ಕಾಲದ ಆಸರೆ ಮನೆಗಳಲ್ಲಿ ಅದು ಮೊದಲಿನದೆಂದು ಹೇಳುತ್ತಾರೆ. ನಮ್ಮ ದೇಶದಲ್ಲಿ ಗಂಡನ ಕ್ರೌರ್ಯವನ್ನೇ ಅಪರಾಧವೆಂದು ದಂಡಸಂಹಿತೆಯಲ್ಲಿ ಬರೆದದ್ದು 1983ರಲ್ಲಿ. ಎಲ್ಲರೂ ಕೇಳಿದ 498ಎ ಕಲಮು ಅದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದರ ಜಾಗಕ್ಕೆ 85ನೆಯ ಕಲಮು ಬಂದಿದೆ.

ಒಳಗೆ ಏನು ನಡೆಯುತ್ತದೆ?

ಆಸರೆ ಮನೆ ಅಂದರೆ ಜೈಲಿನಂಥದ್ದು, ಅಲ್ಲಿ ಸೇರಿದರೆ ಹೊರಗೆ ಬಿಡುವುದಿಲ್ಲ, ಮನೆ ಮುರಿಸುತ್ತಾರೆ ಎಂದು ನಮ್ಮ ಚಾಳಿನಲ್ಲಿ ಹೇಳುತ್ತಾರೆ. ಇಂಥ ಮನೆಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬ ಬಾಯಿಯವರನ್ನು ಕೇಳಿದೆ. ತಮ್ಮ ಹೆಸರು, ಮನೆ ಇರುವ ಊರು ಯಾವುದನ್ನೂ ಬರೆಯಬೇಡ ಅಂದರು. ವಿಳಾಸ ಗಂಡನ ಕಿವಿಗೆ ಬಿದ್ದರೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೆಂಡತಿ ಕೈಬಿಟ್ಟು ಹೋದಳೆಂದು ಗೊತ್ತಾದ ಆ ದಿನಗಳೇ ಬಹಳ ಅಪಾಯದ ದಿನಗಳಂತೆ. ಆದ್ದರಿಂದ ಗುಟ್ಟು.

ರಾತ್ರಿ ಬಂದವಳಿಗೆ ಮೊದಲು ಪ್ರಶ್ನೆ ಕೇಳುವುದಿಲ್ಲ. ಕಾಲಿಗೆ ನೀರು, ಊಟ, ಬದಲಿಸಲು ಒಂದು ಸೀರೆ, ಹಾಸಿಗೆ. ಗಾಯವಿದ್ದರೆ ಡಾಕ್ಟರು. ಸರಕಾರಿ ಆಸ್ಪತ್ರೆಯಲ್ಲಿ ಗಾಯದ ದಾಖಲೆ ಮಾಡಿಸುತ್ತಾರೆ, ಮುಂದೆ ಕೋರ್ಟಿನಲ್ಲಿ ಅದು ಸಾಕ್ಷಿ. ಎಷ್ಟೋ ಜನ ಮೊದಲ ಎರಡು ಮೂರು ದಿನ ಬರೀ ಮಲಗಿಬಿಡುತ್ತಾರಂತೆ. ವರ್ಷಗಟ್ಟಲೆಯ ನಿದ್ದೆ! ಆಮೇಲೆ ನಿಧಾನಕ್ಕೆ ಮಾತು. ಗಂಡ ಪೊಲೀಸರಲ್ಲಿ 'ಹೆಂಡತಿ ಕಾಣೆಯಾಗಿದ್ದಾಳೆ' ಎಂದು ಬರೆಸುವುದು ಸಾಮಾನ್ಯ. ಆಗ ಆಕೆ ತಾನೇ ಇಷ್ಟಪಟ್ಟು ಬಂದಿದ್ದೇನೆಂದು ಪೊಲೀಸರ ಮುಂದೆ ಹೇಳಿಕೆ ಕೊಡಬೇಕಾಗುತ್ತದೆ, ಅದಕ್ಕೆ ಜೊತೆಗೆ ಹೋಗುತ್ತಾರೆ. ಮಕ್ಕಳನ್ನು ಹತ್ತಿರದ ಶಾಲೆಗೆ ಹಾಕಬೇಕು. ಹಳೆ ಶಾಲೆಯ ದಾಖಲೆ ತರಲು ಹೋದರೆ ಗಂಡನಿಗೆ ಸುಳಿವು ಸಿಗುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಆ ಕಲಮು ಇಲ್ಲಿ ಉಪಯೋಗಕ್ಕೆ ಬರುತ್ತದೆ.

"ನಾವು ಯಾರಿಗೂ ಗಂಡನ್ನ ಬಿಡು ಅನ್ನೂದಿಲ್ಲಪ್ಪಾ, ಹೋಗಿ ಬಾಳೇ ಮಾಡು ಅಂತನೂ ಅನ್ನೂದಿಲ್ಲ. ವಿಚಾರ ಮಾಡಾಕ ಜಾಗಾ ಕೊಡ್ತೀವಿ" ಅಂದರು ಆ ಬಾಯಿ. ಈ ಮಾತು ನನಗೆ ಬಹಳ ಹಿಡಿಸಿತು. ಕೆಲವರು ತಿರುಗಿ ಗಂಡನ ಮನೆಗೆ ಹೋಗುತ್ತಾರೆ, ಮತ್ತೆ ಪೆಟ್ಟು ತಿಂದು ಬರುತ್ತಾರೆ, ಮತ್ತೆ ಹೋಗುತ್ತಾರೆ. ಹೊರಗಿನವರಿಗೆ ಇದು ಹುಚ್ಚುತನದಂತೆ ಕಾಣುತ್ತದೆ. ಆದರೆ ಕೈಯಲ್ಲಿ ದುಡ್ಡಿಲ್ಲ, ಮಕ್ಕಳ ಶಾಲೆಯಿದೆ, ತವರಿನವರು ಬೈಯುತ್ತಾರೆ, ಗಂಡ ಬಂದು ಕಾಲು ಹಿಡಿದು ಅಳುತ್ತಾನೆ. ಒಳ್ಳೆಯ ಆಸರೆ ಮನೆಯವರು ಎರಡನೆಯ ಸಲ ಬಂದವಳಿಗೆ 'ನಾವು ಆವಾಗಲೇ ಹೇಳಿರಲಿಲ್ಲವೆ?' ಅನ್ನುವುದಿಲ್ಲ.

ಕಾಯದೆಯ ಮಾತು

ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ಕಾಯದೆ 2005ರಲ್ಲಿ ಪಾಸಾಗಿ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೆಂಡತಿ ಮಾತ್ರವಲ್ಲ, ಒಂದೇ ಮನೆಯಲ್ಲಿರುವ ತಾಯಿ, ಅಕ್ಕ-ತಂಗಿ, ಮಗಳು, ಮದುವೆಯಾಗದೆ ಗಂಡಹೆಂಡಿರಂತೆ ಕೂಡಿ ಬಾಳುವವಳು ಕೂಡ ಇದರ ಆಶ್ರಯ ಕೇಳಬಹುದು. ಆಸರೆ ಮನೆಯ ಬಗ್ಗೆ ಇದರಲ್ಲಿ ಖಡಕ್ಕಾದ ಮಾತಿದೆ. ಆರನೆಯ ಕಲಮಿನಂತೆ ಆಕೆಯಾಗಲಿ, ಅವಳ ಪರವಾಗಿ ಸಂರಕ್ಷಣಾ ಅಧಿಕಾರಿಯಾಗಲಿ ಕೇಳಿದರೆ ಆಶ್ರಯ ಗೃಹದವರು ಜಾಗ ಕೊಡಲೇಬೇಕು. ಮೊದಲು ವರದಿ ಬರೆಸಿಕೊಂಡು ಬಾ ಎಂದು ವಾಪಸು ಕಳಿಸುವಂತಿಲ್ಲ ಎಂದು 2006ರ ನಿಯಮಗಳಲ್ಲಿ ಬರೆದಿದೆ. ಅವಳು ಬೇಡವೆಂದರೆ ಅವಳ ಗುರುತು ಹೊರಗೆ ಬಿಡುವಂತಿಲ್ಲ. ಅಂದರೆ 'ನಾಳೆ ಬಾ' ಅನ್ನುವುದನ್ನು ಕಾಯದೆಯೇ ನಿಷೇಧಿಸಿದೆ. ನಮ್ಮಂಥ ನೆರೆಮನೆಯವರಿಗೆ ಆ ನಿಷೇಧವಿಲ್ಲ, ನಮಗೆ ಮನಸ್ಸಾಕ್ಷಿಯೊಂದೇ.

ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು. (ಕೋರ್ಟಿನ ಕೆಲಸ ಬಲ್ಲವರು ಇಲ್ಲಿ ನಗಬಹುದು, ವರ್ಷಗಟ್ಟಲೆ ಎಳೆಯುವುದೂ ಉಂಟು.) ಗಂಡ ಅವಳ ಹತ್ತಿರ ಸುಳಿಯಬಾರದು ಎಂಬ ರಕ್ಷಣಾ ಆದೇಶ ಕೊಡಬಹುದು. ಅದನ್ನು ಮುರಿದರೆ ಒಂದು ವರ್ಷದ ತನಕ ಸೆರೆ, ಅಥವಾ 20,000 ರೂಪಾಯಿ ತನಕ ದಂಡ, ಅಥವಾ ಎರಡೂ. ಇನ್ನೂ ದೊಡ್ಡ ಮಾತು 17ನೆಯ ಕಲಮಿನದು. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಆ ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಾಗಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ವಿಚಾರ ಮಾಡಿ ನೋಡಿರಿ: ಹೊಡೆದವನು ಮನೆಯಲ್ಲಿ ಕಾಲು ಚಾಚಿ ಮಲಗುತ್ತಾನೆ, ಪೆಟ್ಟು ತಿಂದವಳು ಸ್ಟೇಶನ್ನಿನ ಬೆಂಚು ಹುಡುಕುತ್ತಾಳೆ. ಈ ಅನ್ಯಾಯವನ್ನು ಕಾಯದೆ ಕಂಡಿದೆ. ವಕೀಲರ ಫೀ ಬಗ್ಗೆಯೂ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು.

ಕಾಮರ್ಸ್ ಹುಡುಗನ ಲೆಕ್ಕ

ಹಿಂಸೆ ಅಂದರೆ ಹೊಡೆತವೊಂದೇ ಅಲ್ಲ ಎಂದು ಮೂರನೆಯ ಕಲಮು ಹೇಳುತ್ತದೆ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ನಾಲ್ಕು ಬಗೆ. ನಾಲ್ಕನೆಯದು ಓದಿದಾಗ ನನಗೆ ಆ ಅಕ್ಕನ ಮುಖ ಕಣ್ಣ ಮುಂದೆ ಬಂತು. ಮೂರು ಮನೆಯ ಪಾತ್ರೆ ತಿಕ್ಕಿ ತಿಂಗಳಿಗೆ 5,400 ರೂಪಾಯಿ ತರುತ್ತಿದ್ದಳು. ಒಂದನೆಯ ತಾರೀಖಿಗೆ ಗಂಡ ಕಸಿದುಕೊಳ್ಳುತ್ತಿದ್ದ. ಅವಳ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿರಲಿಲ್ಲ. ಆಧಾರ್, ರೇಶನ್ ಕಾರ್ಡು ಗಂಡನ ಟ್ರಂಕಿನಲ್ಲಿ. ತವರಿಂದ ತಂದ ಬೋರಮಾಳ ಸಾಹುಕಾರನ ಹತ್ತಿರ ಅಡವು. ಜಮಾ ಬದಿಗೆ ವರ್ಷಕ್ಕೆ 64,800 ರೂಪಾಯಿ ದುಡಿದವಳ ಕೈಯಲ್ಲಿ, ಆ ರಾತ್ರಿ ಊರಿಗೆ ಹೋಗುವ ಟಿಕೇಟಿನ ದುಡ್ಡಿರಲಿಲ್ಲ. ದುಡಿದ ದುಡ್ಡು ಕಸಿಯುವುದು, ಖರ್ಚಿಗೆ ಕೊಡದಿರುವುದು, ಸ್ತ್ರೀಧನ ಮಾರುವುದು, ಇವು ಸಂಸಾರದ ತಾಪತ್ರಯವಲ್ಲ, ಕಾಯದೆಯ ಭಾಷೆಯಲ್ಲಿ ಹಿಂಸೆ.

ಅದಕ್ಕೇ ಆಸರೆ ಮನೆಯ ಅರ್ಧ ಕೆಲಸ ಕಾಗದಪತ್ರದ್ದು. ಕಳೆದ ಆಧಾರಿನ ನಕಲು ತರಿಸುವುದು, ಅವಳದೇ ಹೆಸರಿನಲ್ಲಿ ಖಾತೆ ತೆರೆಸುವುದು (2014ರಲ್ಲಿ ಶುರುವಾದ ಜನಧನ ಖಾತೆಗೆ ಠೇವಣಿಯೂ ಬೇಡ), ಮಗುವಿನ ಜನ್ಮ ದಾಖಲೆ, ಹೊಲಿಗೆ ಅಥವಾ ಅಡಿಗೆಯ ಕೆಲಸ ಕಲಿಸಿ ದುಡಿಮೆಗೆ ಹಚ್ಚುವುದು. ಹೊರಗೆ ಖೋಲಿ ಹಿಡಿದು ಡಿಪಾಜಿಟ್ ಕೊಡುವಷ್ಟು ದುಡ್ಡು ಕೂಡುವ ತನಕ ಬಾಗಿಲು ದಾಟಿದ್ದು ಪೂರ್ತಿಯಾಗುವುದಿಲ್ಲ. ನಮ್ಮ ಪಠ್ಯದಲ್ಲಿ ಬಂಡವಾಳ ಅಂದರೆ ವ್ಯಾಪಾರ ಶುರು ಮಾಡುವ ಹಣ ಎಂದು ಓದುತ್ತೇವೆ. ಬದುಕು ಶುರು ಮಾಡಲೂ ಬಂಡವಾಳ ಬೇಕು.

ಇರುವುದು, ಇಲ್ಲದ್ದು

ಸರಕಾರದ ಕಡೆಯಿಂದ ಏನಿದೆ? 2015ರಿಂದ ಜಿಲ್ಲೆಗಳಲ್ಲಿ 'ಸಖಿ' ಕೇಂದ್ರಗಳಿವೆ. ವೈದ್ಯರು, ಪೊಲೀಸು, ವಕೀಲರು, ಸಮಾಧಾನದ ಮಾತು ಎಲ್ಲವೂ ಒಂದೇ ಸೂರಿನಡಿ ಸಿಗಲಿ ಎಂಬ ಯೋಜನೆ, ಐದು ದಿನದ ತನಕ ಇರಲು ಜಾಗವೂ ಉಂಟು. ಅದಕ್ಕಿಂತ ಹೆಚ್ಚು ದಿನ ಇರಲು ಸ್ವಾಧಾರ ಗೃಹಗಳಿದ್ದವು, 2022ರಿಂದ ಅವು ಮಿಷನ್ ಶಕ್ತಿಯ ಒಳಗೆ 'ಶಕ್ತಿ ಸದನ' ಎಂಬ ಹೆಸರಿನಲ್ಲಿವೆ. ಮಹಾರಾಷ್ಟ್ರದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯಿದೆ. 1984ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಪೊಲೀಸ್ ಕಚೇರಿಯೊಳಗೇ ತರಬೇತಾದ ಸಮಾಜಸೇವಕರನ್ನು ಕೂರಿಸಿ, ಹೆಂಗಸರ ದೂರು ಕೇಳುವ ವಿಶೇಷ ಘಟಕ ಶುರು ಮಾಡಿದರು. ಅದು ರಾಜ್ಯದ ತುಂಬ ಹರಡಿತು.

ಕೊರತೆಯೂ ಬಹಳ. ಸ್ವಾಧಾರದ ನಿಯಮದಲ್ಲಿ ತಾಯಿಯ ಜೊತೆ ಗಂಡುಮಕ್ಕಳಿಗೆ ಎಂಟು ವರ್ಷದ ತನಕ ಮಾತ್ರ ಅವಕಾಶವಿತ್ತು. ಹತ್ತು ವರ್ಷದ ಮಗನಿದ್ದ ತಾಯಿ ಏನು ಮಾಡಬೇಕಿತ್ತು? ಮಗನನ್ನು ಬಿಟ್ಟು ಬರಲಾಗುತ್ತಿರಲಿಲ್ಲ, ಆದ್ದರಿಂದ ತಾನೂ ಬರಲಾಗುತ್ತಿರಲಿಲ್ಲ. ಇನ್ನು ನಮ್ಮಂಥ ಪರಸ್ಥಳದವರಿಗೆ ಭಾಷೆಯ ತೊಡಕು. ಅಡಿಗೆ, ಸಂತೆಗೆ ಬೇಕಾದಷ್ಟು ಮರಾಠಿ ನಮ್ಮ ಹೆಂಗಸರಿಗೆ ಬರುತ್ತದೆ. ಆದರೆ ಗಂಡ ರಾತ್ರಿ ಏನು ಮಾಡಿದ ಎಂಬುದನ್ನು ಪರಭಾಷೆಯಲ್ಲಿ, ಸಮವಸ್ತ್ರ ತೊಟ್ಟವರ ಮುಂದೆ ಹೇಳುವುದು ಹೇಗೆ? ಇಂಥ ಮಾತು ತಾಯ್ನುಡಿಯಲ್ಲೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಾವು ಮಾಡಬಹುದಾದದ್ದು

ಕನ್ನಡ ಸಂಘದ ಹುಡುಗರಿಗೆ ಇಲ್ಲಿ ಕೆಲಸವಿದೆ ಎಂದು ನನಗೆ ಅನ್ನಿಸುವುದು ಇದಕ್ಕೇ. ನವೆಂಬರಿನಲ್ಲಿ ಧ್ವಜ ಹಾರಿಸಿ, ಹಾಡು ಹೇಳಿ ಮನೆಗೆ ಹೋಗುತ್ತೇವೆ. ಅದು ಬೇಡವೆನ್ನುವುದಿಲ್ಲ. ಆದರೆ ಕನ್ನಡ ಬರುತ್ತದೆ ಎಂಬುದೇ ಒಬ್ಬ ಹೆಣ್ಣುಮಗಳಿಗೆ ಸಹಾಯವಾಗುವ ಜಾಗಗಳಿವೆ. ಠಾಣೆಗೆ, ಆಸ್ಪತ್ರೆಗೆ ಒಬ್ಬ ಗೆಳತಿ ಜೊತೆಗೆ ಹೋಗಿ, ಅವಳ ಮಾತನ್ನು ಮರಾಠಿಗೆ ತಂದು ಹೇಳಬಹುದು. ತಿಳಿದವರಿಂದ ಕೇಳಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಒಂದು, 181 ಮಹಿಳಾ ಸಹಾಯವಾಣಿ, 112 ತುರ್ತು ಸಂಖ್ಯೆ. ಇಲ್ಲಿಯೂ ಕರ್ನಾಟಕದಲ್ಲಿಯೂ ಇವೇ. ಎರಡು, ಹೊಡೆತ ನಡೆಯುತ್ತಿರುವಾಗ ಒಬ್ಬರೇ ನುಗ್ಗಬಾರದು. ಇಬ್ಬರು ಮೂವರು ಹೋಗಿ ಬಾಗಿಲು ಬಡಿದು ಸಕ್ಕರೆ ಕೇಳಿದರೂ ಸಾಕು, ಎತ್ತಿದ ಕೈ ಒಮ್ಮೊಮ್ಮೆ ಇಳಿಯುತ್ತದೆ. ಜೀವಕ್ಕೆ ಅಪಾಯ ಕಂಡರೆ 112. ಮೂರು, ಅವಳು ಹೇಳಿದ್ದನ್ನು ಚಾಳಿನಲ್ಲಿ ಆಡಬಾರದು, ಗಂಡನಿಗೆ 'ಬುದ್ಧಿ ಹೇಳಲು' ಹೋಗಬಾರದು. ಅದರ ಪೆಟ್ಟು ರಾತ್ರಿ ಅವಳ ಮೇಲೇ ಬೀಳುತ್ತದೆ. ನಾಲ್ಕು, ಅವಳು ಕೇಳಿದರೆ ಆಧಾರ್, ಪಾಸ್‌ಬುಕ್, ಮಕ್ಕಳ ದಾಖಲೆ, ಆಸ್ಪತ್ರೆಯ ಚೀಟಿಗಳ ಝೆರಾಕ್ಸು, ಒಂದಿಷ್ಟು ದುಡ್ಡು, ಒಂದು ಜೊತೆ ಬಟ್ಟೆ ಇಟ್ಟ ಚೀಲವನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದು. ಐದು, ಹೋಗಬೇಕೋ ಇರಬೇಕೋ ಎಂಬುದನ್ನು ಅವಳೇ ನಿರ್ಧರಿಸಲಿ. ನಾವು ಜಡ್ಜುಗಳಲ್ಲ. ಆರನೆಯದು ಹುಡುಗರಿಗೆ, ನನಗೂ ಸೇರಿ. ನಾಳೆ ನಾವೂ ಯಾರದೋ ಗಂಡಂದಿರಾಗುವವರು, ಈಗಾಗಲೇ ಯಾರದೋ ಅಣ್ಣಂದಿರು. ತಂಗಿ ಪಂಚಮಿ ಇಲ್ಲದ ದಿನ ಬಂದು ನಿಂತರೆ ಏನು ಮಾಡುತ್ತೇವೆ ಎಂಬುದನ್ನು ಇಂದೇ ವಿಚಾರ ಮಾಡಿ ಇಟ್ಟುಕೊಳ್ಳಬೇಕು.

ಲೇಖನ ಉದ್ದವಾಯಿತು, ಸಂಪಾದಕರು ಕ್ಷಮಿಸಬೇಕು. ಬರೆದದ್ದನ್ನು ಕಳಿಸುವ ಮೊದಲು ಮನೆಯಲ್ಲಿ ಓದಿ ತೋರಿಸಿದೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆ ಹುಡುಗಿಗೆ ಈಗ ಏಳು ವರ್ಷ ಆಗಿರಬೇಕು ಅಂದಳು. ಅಪ್ಪನ ಮಾತನ್ನು ಪತ್ರಿಕೆಯಲ್ಲಿ ಹಾಕಿದ್ದಕ್ಕೆ ಬೈಯುತ್ತಾನೇನೋ ಎಂದು ಹೆದರಿದ್ದೆ. ಅಪ್ಪ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದ. ಮರುದಿನ ಬೆಳಿಗ್ಗೆ ನೋಡಿದರೆ, ಗೋಡೆಯ ಕಾಲನಿರ್ಣಯದಲ್ಲಿ ಹಾಲಿನ ಲೆಕ್ಕದ ಮೇಲ್ಗಡೆ ದೊಡ್ಡದಾಗಿ 181 ಎಂದು ಬರೆದಿತ್ತು. ಅಕ್ಷರ ಅಪ್ಪನದು.

ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಬರೆಯಿರಿ. ಬಾಗಿಲು ಬಡಿದ ಸದ್ದು ಕೇಳಿದರೆ ಯಾರು ಅಂತ ನೋಡಿರಿ. ದೆವ್ವವಂತೂ ಆಗಿರುವುದಿಲ್ಲ.

(ಬಿ.ಕಾಂ. ದ್ವಿತೀಯ ವರ್ಷ, ನಿಗಡಿ)